ಉತ್ತರದ ಕಾಡಿಗೆ ವಸಂತ ಬಂದಿತೇ? ನಂಬಿಕೆಗಳು ಮತ್ತು ಸತ್ಯ

ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳ ಉತ್ತರ ಭಾಗದಲ್ಲಿ, ಸೂಪೀರಿಯರ್ ಸರೋವರದ ಸುತ್ತಲಿನ ಕಾಡುಗಳಲ್ಲಿ ಚಳಿಗಾಲ ಬೇಗ ಜಾಗ ಬಿಡುವುದಿಲ್ಲ. ಅಲ್ಲಿ ನೆಲೆಸಿದ ಕನ್ನಡಿಗರು ಎಷ್ಟೋ ವರ್ಷ ಯುಗಾದಿಯ ಬೇವುಬೆಲ್ಲ ತಿನ್ನುವುದು ಹೊರಗೆ ಹಿಮ ಬಿದ್ದಿರುವಾಗಲೇ. ಅಷ್ಟು ಕಾಲ ಕಾದವರು ವಸಂತದ ಗುರುತು ಹುಡುಕುವುದು ಸಹಜ. ಆದರೆ ಬಾಯಿಂದ ಬಾಯಿಗೆ ಬಂದ ಗುರುತುಗಳಲ್ಲಿ ಕೆಲವು ಬರೀ ಸುಳ್ಳು, ಕೆಲವು ಜೀವಕ್ಕೇ ಅಪಾಯ.

ತಪ್ಪು ಕಲ್ಪನೆ: ಫೆಬ್ರವರಿ 2ರಂದು ಗ್ರೌಂಡ್‌ಹಾಗ್ ಎಂಬ ಬಿಲದ ಪ್ರಾಣಿ ತನ್ನ ನೆರಳು ಕಾಣದಿದ್ದರೆ ವಸಂತ ಬೇಗ ಬರುತ್ತದೆ.

ಸತ್ಯ: ಪೆನ್ಸಿಲ್ವೇನಿಯಾದ ಪಂಕ್ಸುಟಾನಿ ಊರಿನಲ್ಲಿ 1887ರಿಂದ ನಡೆದು ಬಂದ ಹಬ್ಬವಿದು. ಅಮೆರಿಕದ ಹವಾಮಾನ ಇಲಾಖೆಯ ದಾಖಲೆಗಳೊಂದಿಗೆ ಹೋಲಿಸಿದರೆ, ಈಚಿನ ವರ್ಷಗಳ ಭವಿಷ್ಯವಾಣಿಗಳಲ್ಲಿ ಅರ್ಧದಷ್ಟೂ ನಿಜವಾಗಿಲ್ಲ. ಫೆಬ್ರವರಿಯಲ್ಲಿ ಗಂಡು ಗ್ರೌಂಡ್‌ಹಾಗ್ ಬಿಲದಿಂದ ಹೊರಬರುವುದು ಹೆಣ್ಣುಗಳ ಬಿಲ ಎಲ್ಲಿವೆಯೆಂದು ನೋಡಿಕೊಳ್ಳಲು.

ತಪ್ಪು ಕಲ್ಪನೆ: ಮೊದಲ ರಾಬಿನ್ ಹಕ್ಕಿ ಕಂಡರೆ ವಸಂತ ಬಂದಂತೆ.

ಸತ್ಯ: ಎಲ್ಲ ರಾಬಿನ್‌ಗಳೂ ದಕ್ಷಿಣಕ್ಕೆ ಹೋಗುವುದಿಲ್ಲ. ಮರದಲ್ಲಿ ಹಣ್ಣು ಉಳಿದಿರುವಲ್ಲಿ ಕೆಲವು ಗುಂಪುಕಟ್ಟಿಕೊಂಡು ಹಿಮದಲ್ಲೇ ದಿನ ಕಳೆಯುತ್ತವೆ. ಹಕ್ಕಿ ಕಂಡಿತೇ ಎಂದಲ್ಲ, ಏನು ಮಾಡುತ್ತಿದೆ ಎಂದು ನೋಡಬೇಕು. ಗಂಡು ರಾಬಿನ್ ನಸುಕಿನಲ್ಲಿ ಮರದ ತುದಿಯಲ್ಲಿ ಕೂತು ಹಾಡತೊಡಗಿದರೆ, ಹೆಪ್ಪು ಕರಗಿದ ನೆಲದಲ್ಲಿ ಎರೆಹುಳು ಹುಡುಕತೊಡಗಿದರೆ ಅದು ನಂಬಬಹುದಾದ ಗುರುತು.

ತಪ್ಪು ಕಲ್ಪನೆ: ಮರ ಎಚ್ಚೆತ್ತು ಶಾಖ ಬಿಡುವುದರಿಂದ ಬುಡದ ಹಿಮ ಕರಗುತ್ತದೆ.

ಸತ್ಯ: ಕಪ್ಪು ತೊಗಟೆ ಬಿಸಿಲನ್ನು ಹೀರಿ ಸುತ್ತಲ ಹಿಮಕ್ಕೆ ಕಾವು ಕೊಡುತ್ತದೆ. ಬಿಸಿಲು ಹೆಚ್ಚು ಬೀಳುವ ದಕ್ಷಿಣದ ಬದಿಯ ಹಿಮ ಮೊದಲು ಕರಗುವುದೂ ಅದಕ್ಕೇ. ನಿಜವಾಗಿ ಶಾಖ ಹುಟ್ಟಿಸುವ ಗಿಡವೂ ಇದೆ. ಜವುಗಿನಲ್ಲಿ ಬೆಳೆಯುವ ಸ್ಕಂಕ್ ಕ್ಯಾಬೇಜ್‌ನ ಹೂಗೊಂಚಲು ಸುತ್ತಲ ಗಾಳಿಗಿಂತ 15 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಾಗಿ, ಹಿಮವನ್ನು ಕರಗಿಸಿಕೊಂಡು ಮೇಲೇಳುತ್ತದೆ.

ತಪ್ಪು ಕಲ್ಪನೆ: ಸೆಕೆ ಹೆಚ್ಚಿದಷ್ಟೂ ಮೇಪಲ್ ಮರದ ರಸ ಚೆನ್ನಾಗಿ ಹರಿಯುತ್ತದೆ.

ಸತ್ಯ: ರಸಕ್ಕೆ ಸೆಕೆಯಷ್ಟೇ ಚಳಿಯೂ ಬೇಕು. ರಾತ್ರಿ ಸೊನ್ನೆಗಿಂತ ಕೆಳಗಿಳಿದಾಗ ಕಾಂಡದೊಳಗಿನ ಗಾಳಿ ಕುಗ್ಗಿ, ನೀರು ಒಳಗೆ ಸೆಳೆಯಲ್ಪಟ್ಟು ಹೆಪ್ಪುಗಟ್ಟುತ್ತದೆ. ಹಗಲು ಹೆಪ್ಪು ಕರಗಿದಾಗ ಗಾಳಿ ಹಿಗ್ಗಿ ರಸವನ್ನು ಹೊರಗೆ ತಳ್ಳುತ್ತದೆ. ರಾತ್ರಿಯೂ ಬೆಚ್ಚಗಾಗಿ ಮೊಗ್ಗು ಬಿರಿಯಿತೆಂದರೆ ರಸದ ರುಚಿ ಕೆಡುತ್ತದೆ, ಸುಗ್ಗಿ ಮುಗಿಯುತ್ತದೆ. ಸುಮಾರು 40 ಲೀಟರ್ ರಸ ಕಾಯಿಸಿದರೆ ಸಿಗುವುದು ಒಂದು ಲೀಟರ್ ಪಾಕ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಯುರೋಪಿಯನ್ನರು ಬರುವ ಮುಂಚಿನಿಂದಲೂ ಈ ಸುಗ್ಗಿ ಮಾಡುತ್ತ ಬಂದವರು.

ತಪ್ಪು ಕಲ್ಪನೆ: ವಸಂತದಲ್ಲಿ ಕೆರೆಯ ಮಂಜುಗಡ್ಡೆ ಮುಳುಗಿಹೋಗುತ್ತದೆ.

ಸತ್ಯ: ಸಂಜೆ ಇದ್ದ ಮಂಜುಗಡ್ಡೆ ಬೆಳಿಗ್ಗೆ ಕಾಣದಾದಾಗ ಹೀಗೆನ್ನಿಸುತ್ತದೆ. ಆದರೆ ಮಂಜುಗಡ್ಡೆ ನೀರಿಗಿಂತ ಸುಮಾರು ಶೇ 8ರಷ್ಟು ಹಗುರ, ಅದು ಮುಳುಗಲಾರದು. ಅದು ಲಂಬವಾಗಿ ನಿಂತ ಉದ್ದನೆಯ ಹರಳುಗಳ ಒಟ್ಟು. ಏಪ್ರಿಲ್‌ನ ಬಿಸಿಲು ಹರಳುಗಳ ನಡುವಿನ ಬೆಸುಗೆಯನ್ನು ಮೊದಲು ಕರಗಿಸುತ್ತದೆ. ಸಂದುಗಳಲ್ಲಿ ನೀರು ತುಂಬಿ ಮಂಜುಗಡ್ಡೆ ಕಪ್ಪಾಗುತ್ತದೆ, ಆಗ ಬರೀ ನೀರಿನಂತೆ ಕಾಣುತ್ತದೆ. ಜೋರು ಗಾಳಿ ಬೀಸಿದರೆ ಕೆಲವೇ ಗಂಟೆಗಳಲ್ಲಿ ಅದು ಪುಡಿಯಾಗಿ ಕರಗುತ್ತದೆ.

ತಪ್ಪು ಕಲ್ಪನೆ: ಮಂಜುಗಡ್ಡೆ ದಪ್ಪಗಿದ್ದರೆ ಮೇಲೆ ನಡೆಯಬಹುದು.

ಸತ್ಯ: ಜೀವ ತೆಗೆಯುವ ನಂಬಿಕೆ ಇದು. ಚಳಿಗಾಲದ ಆರಂಭದ ಹೊಸ, ತಿಳಿ ಮಂಜುಗಡ್ಡೆಯ ಮೇಲೆ ನಡೆಯಲು 10 ಸೆಂಟಿಮೀಟರ್ ದಪ್ಪ ಬೇಕು ಎನ್ನುವುದು ಮಿನೆಸೋಟದ ಅಧಿಕೃತ ಮಾರ್ಗಸೂಚಿ. ಆ ಲೆಕ್ಕ ವಸಂತಕ್ಕೆ ಸಲ್ಲದು. ಬೆಸುಗೆ ಬಿಟ್ಟ ಮಂಜುಗಡ್ಡೆ ಒಂದಡಿ ದಪ್ಪವಿದ್ದರೂ ಮನುಷ್ಯನ ಭಾರ ತಡೆಯದೆ ಕುಸಿಯಬಹುದು.

ಅಲ್ಲಿ ವಸಂತ ಒಂದು ತಾರೀಖಿಗೆ, ಒಂದು ಪ್ರಾಣಿಯ ಬೆನ್ನೇರಿ ಬರುವುದಿಲ್ಲ. ಮೊದಲು ಬೆಳಕು ಹೆಚ್ಚುತ್ತದೆ, ಆಮೇಲೆ ನೀರು ಸಡಿಲಗೊಳ್ಳುತ್ತದೆ, ಸೆಕೆ ಬರುವುದು ಕೊನೆಗೆ. ಈ ಕ್ರಮ ತಿಳಿದಿದ್ದರೆ ಗುರುತುಗಳನ್ನು ಸರಿಯಾಗಿ ಓದಬಹುದು. ಅಲ್ಲಿರುವ ಬಂಧುಮಿತ್ರರಿಗೆ ಇಷ್ಟು ಹೇಳಿ: ಹಕ್ಕಿಯ ಹಾಡು ಕೇಳಿ, ಮೇಪಲ್ ಪಾಕ ಸವಿಯಿರಿ, ಕಪ್ಪಾದ ಮಂಜುಗಡ್ಡೆಯ ಮೇಲೆ ಮಾತ್ರ ಕಾಲಿಡಬೇಡಿ.