ಕಬ್ಬಿಣ ಇದೆ, ಆದ್ರೆ ಸಿಗಲ್ಲ: ಬೇರಿನ ಜೀನ್‌ಗಳ ಕಥೆ

ಕಳೆದ ರಜೆಯಲ್ಲಿ ಇಂಡಿ ಹತ್ತಿರ ನಮ್ಮ ಕಾಕಾನ ನಿಂಬೆ ತೋಟಕ್ಕೆ ಹೋಗಿದ್ದೆ. ಒಂದು ಸಾಲಿನ ಗಿಡಗಳ ಚಿಗುರೆಲೆ ಎಲ್ಲಾ ಹಳದಿ, ನರ ಮಾತ್ರ ಹಸಿರು. “ಎರಡು ಸಲ ಯೂರಿಯಾ ಹಾಕೀನಿ, ಆದ್ರೂ ಗಿಡ ಹಸರ ಆಗವಲ್ದು ನೋಡಪಾ” ಅಂದರು ಕಾಕಾ.

ಯೂರಿಯಾ ಕೊಡೋದು ಸಾರಜನಕ. ಗಿಡಕ್ಕೆ ಸಾಲದೇ ಇದ್ದದ್ದು ಕಬ್ಬಿಣ. ವ್ಯತ್ಯಾಸ ಗುರುತಿಸೋದು ಸುಲಭ. ಸಾರಜನಕ ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಅದನ್ನು ತೆಗೆದು ಚಿಗುರಿಗೆ ಕಳಿಸುತ್ತೆ, ಹಾಗಾಗಿ ಹಳೆ ಎಲೆ ಮೊದಲು ಹಳದಿಯಾಗುತ್ತೆ. ಕಬ್ಬಿಣವನ್ನು ಹಾಗೆ ಸಾಗಿಸೋದು ಕಷ್ಟ, ಅದಕ್ಕೇ ಚಿಗುರು ಮೊದಲು ಹಳದಿ.

ಹಾಗಂತ ಮಣ್ಣಲ್ಲಿ ಕಬ್ಬಿಣ ಇಲ್ವಾ? ಬೇಕಾದಷ್ಟಿದೆ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು 5% ಕಬ್ಬಿಣವೇ. ಆದರೆ ವಿಜಯಪುರದ ಕಡೆಯ ಎರೆ ಮಣ್ಣಲ್ಲಿ ಸುಣ್ಣದಂಶ ಜಾಸ್ತಿ, ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು. ಪಿಎಚ್ ಒಂದು ಅಂಕ ಏರಿದರೆ ನೀರಲ್ಲಿ ಕರಗಿರೋ ಫೆರಿಕ್ ಅಯಾನು ಸುಮಾರು 1000 ಪಟ್ಟು ಇಳಿಯುತ್ತೆ. ಉಳಿದದ್ದೆಲ್ಲ ತುಕ್ಕಿನ ಥರ ಗಟ್ಟಿಯಾಗಿ ಕೂತಿರುತ್ತೆ.

ಇಲ್ಲಿ ಜೀನ್‌ಗಳ ಕೆಲಸ ಶುರು. ಕಬ್ಬಿಣ ಕಡಿಮೆಯಾಗಿದೆ ಅಂತ ಗೊತ್ತಾದ ತಕ್ಷಣ ಬೇರಿನ ಕೋಶಗಳಲ್ಲಿ ಎಫ್‌ಐಟಿ ಅನ್ನೋ ಪ್ರೋಟೀನ್ ಚುರುಕಾಗಿ ಬೇರೆ ಜೀನ್‌ಗಳನ್ನು ಆನ್ ಮಾಡುತ್ತೆ. ಆಮೇಲೆ ಮೂರು ಹಂತ. ಮೊದಲು, ಪ್ರೋಟಾನ್ ಪಂಪ್‌ಗಳು ಆಮ್ಲವನ್ನು ಹೊರಗೆ ಬಿಟ್ಟು ಬೇರಿನ ಸುತ್ತ ಪಿಎಚ್ ಇಳಿಸ್ತವೆ. ಎರಡನೆಯದು, ಎಫ್‌ಆರ್‌ಒ2 ಜೀನಿನ ಕಿಣ್ವ ಫೆರಿಕ್ ಅನ್ನು ಫೆರಸ್ ಮಾಡುತ್ತೆ. ಕೊನೆಗೆ ಐಆರ್‌ಟಿ1 ಅನ್ನೋ ಬಾಗಿಲು ಆ ಫೆರಸ್ ಅನ್ನು ಒಳಗೆ ಬಿಟ್ಟುಕೊಳ್ಳುತ್ತೆ. ಇದನ್ನೆಲ್ಲ ಮೊದಲು ಚೆನ್ನಾಗಿ ಅರ್ಥ ಮಾಡಿಕೊಂಡದ್ದು ಅರಾಬಿಡಾಪ್ಸಿಸ್ ಅನ್ನೋ ಪುಟ್ಟ ಗಿಡದಲ್ಲಿ. ಸೇಬು, ನಿಂಬೆ ಜಾತಿಯ ಮರಗಳಲ್ಲೂ ಇಂಥದ್ದೇ ಜೀನ್‌ಗಳಿವೆ.

ಈ ಬಾಗಿಲು ಸದಾ ತೆರೆದಿದ್ದರೆ ಅಪಾಯ. ಐಆರ್‌ಟಿ1 ಮೂಲಕ ಸತು, ಮ್ಯಾಂಗನೀಸ್ ಅಷ್ಟೇ ಅಲ್ಲ, ವಿಷಕಾರಿ ಕ್ಯಾಡ್ಮಿಯಂ ಕೂಡ ನುಗ್ಗುತ್ತೆ. ಅದಕ್ಕೇ ಸಾಕಷ್ಟು ಕಬ್ಬಿಣ ಸಿಕ್ಕ ಮೇಲೆ ಜೀನ್ ಆಫ್ ಆಗುತ್ತೆ, ಬಾಗಿಲನ್ನೂ ಕೋಶವೇ ಕಿತ್ತು ಹಾಕುತ್ತೆ. ನಾವು ಕ್ಲಾಸಲ್ಲಿ ಬರೆಯೋ ಫೀಡ್‌ಬ್ಯಾಕ್ ಲೂಪ್ ಇದೇ ಅಲ್ವಾ!

ಹಾಗಾದ್ರೆ ಕಾಕಾನ ಗಿಡ ಸೋತದ್ದೆಲ್ಲಿ? ಸುಣ್ಣದ ಮಣ್ಣಲ್ಲಿ ಬೈಕಾರ್ಬನೇಟ್ ತುಂಬಾ ಇರುತ್ತೆ. ಬೇರು ಬಿಟ್ಟ ಆಮ್ಲವನ್ನೆಲ್ಲ ಅದು ನುಂಗಿಬಿಡುತ್ತೆ. ಮೋಟಾರ್ ಓಡ್ತಾನೇ ಇದೆ, ಟ್ಯಾಂಕ್ ಮಾತ್ರ ತುಂಬಲ್ಲ.

ಎಲ್ಲ ಬೇರುಗಳ ತಾಕತ್ತೂ ಒಂದೇ ಅಲ್ಲ. ಟ್ರೈಫೋಲಿಯೇಟ್ ಆರೆಂಜ್ ಬೇರು ಸುಣ್ಣದ ಮಣ್ಣಲ್ಲಿ ಬೇಗ ಸೋಲುತ್ತೆ, ರಂಗಪುರ ಲೈಮ್ ಹೆಚ್ಚು ತಾಳಿಕೊಳ್ಳುತ್ತೆ. ಕಸಿ ಗಿಡದಲ್ಲಿ ಹಣ್ಣಿನ ಜೀನ್ ಒಂದು, ಬೇರಿನ ಜೀನ್ ಇನ್ನೊಂದು. ಸಸಿ ತರುವಾಗ ನಾವು ಕೇಳೋದು ಮೇಲಿನ ತಳಿ ಯಾವುದು ಅಂತ ಮಾತ್ರ.

ಈಗಾಗಲೇ ನೆಟ್ಟ ಗಿಡಕ್ಕೆ? ಇಂಥ ಮಣ್ಣಿಗೆ ಫೆರಸ್ ಸಲ್ಫೇಟ್ ಸುರಿದರೆ ಬೇಗ ಮತ್ತೆ ತುಕ್ಕಾಗುತ್ತೆ. ಎಲೆಗೆ ಸಿಂಪಡಿಸಬೇಕು, ಇಲ್ಲಾ ಹೆಚ್ಚಿನ ಪಿಎಚ್‌ನಲ್ಲೂ ಕೆಡದ ಇಡಿಡಿಎಚ್‌ಎ ಚೀಲೇಟ್ ಬೇರಿಗೆ ಕೊಡಬೇಕು, ಅದು ದುಬಾರಿ. ಇಷ್ಟೆಲ್ಲ ಹೇಳಿದ ಮೇಲೆ ಕಾಕಾ ಕೇಳಿದ್ದು ಒಂದೇ: “ಹಂಗಾದ್ರ ಆ ಯೂರಿಯಾ ರೊಕ್ಕ ನೀರಾಗ ಹೋತೇನು?” ನನ್ನ ಹತ್ರ ಉತ್ತರ ಇತ್ತು, ಹೇಳೋಕೆ ಬಾಯಿ ಬರಲಿಲ್ಲ.