ಬೀಟೆಯ ಸೊಂಟ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದವರು ಗಿಟಾರ್ ಕಂಡಿರಲಿಕ್ಕಿಲ್ಲ. ಸಕಲೇಶಪುರದ ಕಾಫಿ ತೋಟದಲ್ಲಿ ಒಬ್ಬರ ತಬ್ಬಿಗೆ ಸಿಗದಂತೆ ನಿಂತ ಬೀಟೆ ಮರವೂ ಎರಡು ಮಿಲಿಮೀಟರ್ ದಪ್ಪದ ಹಲಗೆಯಾಗಿ ಬಿಸಿ ಕೊಳವೆಗೆ ಒರಗಿದರೆ, ಕೆಲವೇ ನಿಮಿಷಗಳಲ್ಲಿ ಗಿಟಾರಿನ ಸೊಂಟದ ಹಾಗೆ ಬಳುಕಿಬಿಡುತ್ತದೆ.

ಬೀಟೆ ಎಲೆ ಉದುರಿಸುವ ಕಾಡಿನ ಮರ. ಬಿಸಿಲೆ ಘಾಟಿಯ ನಿತ್ಯಹಸಿರು ಕಾಡಿಗಿಂತ, ಪೂರ್ವದಲ್ಲಿ ಆಲೂರಿನತ್ತ ಮಳೆ ಕಡಿಮೆಯಾಗುತ್ತಾ ಹೋಗುವ ಗುಡ್ಡಗಳು ಅದಕ್ಕೆ ಹೆಚ್ಚು ಒಗ್ಗುತ್ತವೆ. ಸಸ್ಯಶಾಸ್ತ್ರದಲ್ಲಿ ಇದು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಇಂಗ್ಲಿಷಿನಲ್ಲಿ ರೋಸ್‌ವುಡ್. ಮೈಸೂರು ಅರಸರ ಕಾಲದಲ್ಲಿ ಶ್ರೀಗಂಧದಂತೆ ಇದೂ ರಾಜವೃಕ್ಷ. ಇಂದಿಗೂ ಸ್ವಂತ ತೋಟದ ಬೀಟೆಯನ್ನು ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ನೆರಳಿಗೆಂದು ಆಮೇಲೆ ಬಂದ ಸಿಲ್ವರ್ ಮರವನ್ನು ಮಾರುವಷ್ಟು ಸಲೀಸಲ್ಲ ಈ ವ್ಯವಹಾರ.

ಇಂಥ ಮರಕ್ಕೂ ಅಮೆರಿಕದ ಗಿಟಾರಿಗೂ ನಂಟು ಗಟ್ಟಿಯಾದದ್ದು 1969ರಲ್ಲಿ. 1833ರಿಂದ ಗಿಟಾರ್ ಮಾಡುತ್ತಿರುವ ಮಾರ್ಟಿನ್ ಕಂಪನಿ ಅಲ್ಲಿಯವರೆಗೆ ಬೆನ್ನಿಗೂ ಪಕ್ಕಗಳಿಗೂ ಬ್ರೆಜಿಲಿನ ರೋಸ್‌ವುಡ್ ನೆಚ್ಚಿಕೊಂಡಿತ್ತು. ಅದರ ಪೂರೈಕೆ ಬಿಗಿಯಾದಾಗ ಭಾರತದ ಬೀಟೆಯತ್ತ ತಿರುಗಿತು. ಬ್ರೆಜಿಲಿನ ಮರವೇ ಮೇಲು ಎಂದು ನಿಟ್ಟುಸಿರು ಬಿಡುವ ಸಂಗ್ರಾಹಕರು ಈಗಲೂ ಇದ್ದಾರೆ. ಅದರಲ್ಲಿ ಕಿವಿಯ ಪಾಲೆಷ್ಟು, ಬೆಲೆಯ ಪಾಲೆಷ್ಟು ಎಂಬುದು ಬೇರೆ ಚರ್ಚೆ. ಸ್ಪೇನಿನ ಆಂಟೋನಿಯೊ ಡಿ ಟೋರೆಸ್ 1862ರಲ್ಲೇ ಬೆನ್ನು, ಪಕ್ಕಗಳನ್ನು ರಟ್ಟಿನಲ್ಲಿ ಮಾಡಿ, ನಾದದ ಹೆಚ್ಚಿನ ಭಾರ ಹೊರುವುದು ಮುಂದಿನ ಹಲಗೆಯೇ ಎಂದು ತೋರಿಸಿಕೊಟ್ಟಿದ್ದ.

2017ರ ಜನವರಿ 2ರಿಂದ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ ಅಳಿವಿನ ಅಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದವು. ಗಡಿ ದಾಟಿ ಮಾರಾಟವಾಗುವ ಒಂದೊಂದು ರೋಸ್‌ವುಡ್ ಗಿಟಾರಿಗೂ ಕಾಗದಪತ್ರದ ಕಾಟ ಶುರುವಾಯಿತು. ವಾದ್ಯ ತಯಾರಕರು ಪಟ್ಟುಹಿಡಿದರು. 2019ರ ನವೆಂಬರಿನಿಂದ, ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಮರಕ್ಕೆ ಸಿಗಲಿಲ್ಲ.

ಇನ್ನು ಹಲಗೆ ಬಗ್ಗಿಸುವ ಕೆಲಸಕ್ಕೆ ಬಂದರೆ, ನಮ್ಮ ವಾದ್ಯಗಳಿಗೆ ಆ ತಾಪತ್ರಯವೇ ಇಲ್ಲ. ದೊಡ್ಡಬಳ್ಳಾಪುರದ ಹತ್ತಿರದ ಸಿಂಪಾಡಿಪುರದಲ್ಲಿ ವೀಣೆ ಮಾಡುವವರು ಹಲಸಿನ ದಿಮ್ಮಿಯನ್ನು ಕೊರೆದು ಕೊಡ ತೆಗೆಯುತ್ತಾರೆ. ತಂಬೂರಿಗೆ ಬಳ್ಳಿಯೇ ಬುರುಡೆ ಬೆಳೆಸಿ ಕೊಡುತ್ತದೆ. ಗಿಟಾರ್ ಹಾಗಲ್ಲ, ಅದೊಂದು ಪೆಟ್ಟಿಗೆ. ಅದರ ಬಳುಕು ಪಕ್ಕಗಳಿಗೆ ಒಂದೇ ದಿಮ್ಮಿಯಿಂದ ಅಕ್ಕಪಕ್ಕವೇ ಕೊಯ್ದ ಎರಡು ಹಲಗೆ ಬೇಕು. ಒಂದೊಂದೂ ಸುಮಾರು 80 ಸೆಂಟಿಮೀಟರ್ ಉದ್ದ, 10ರಿಂದ 12 ಸೆಂಟಿಮೀಟರ್ ಅಗಲ.

ಕೈಕೆಲಸದವರ ಸಾಧನ ಒಳಗಿನಿಂದ ಕಾಯುವ ಒಂದು ಲೋಹದ ಕೊಳವೆ. ಹದ ಬಂತೇ ಎಂದು ತಿಳಿಯಲು ದೋಸೆ ಹಂಚಿಗೆ ಚಿಮುಕಿಸುವಂತೆ ನೀರು ಚಿಮುಕಿಸುತ್ತಾರೆ. ಹನಿ ಚುರ್ರೆಂದು ಕುಣಿದರೆ ಸರಿ. ಅಂದಾಜು 150 ಡಿಗ್ರಿ ಸೆಲ್ಸಿಯಸ್. ಮರದ ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಆ ಕಾವಿಗೆ ಮೆತ್ತಗಾಗುತ್ತದೆ. ತೇವ ಮಾಡಿದ ಹಲಗೆಯಲ್ಲಿ ಎದ್ದ ಹಬೆ ಕಾವನ್ನು ಒಳಕ್ಕೆ ಒಯ್ಯುತ್ತದೆ. ಬೆತ್ತದ ಕುರ್ಚಿ ಮಾಡುವವರು ಬೆತ್ತವನ್ನು ಬೆಂಕಿಗೆ ಹಿಡಿದು ಮಣಿಸುವುದೂ ಇದೇ ಮರ್ಮದಿಂದ.

ಮೊದಲು ಸೊಂಟ, ಅಳತೆ ತಪ್ಪಬಾರದ ಜಾಗ ಅದು. ಒತ್ತುವವರ ಕೈ ಅವಸರ ಮಾಡುವಂತಿಲ್ಲ. ಸೆಟೆದು ನಿಂತ ಹಲಗೆ ಇದ್ದಕ್ಕಿದ್ದಂತೆ ಸಡಿಲಗೊಂಡದ್ದು ಅಂಗೈಗೆ ತಿಳಿಯುತ್ತದೆ, ಆಗ ಒತ್ತಬೇಕು. ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಸೀಳು ಏಳುವುದು ಹಿಗ್ಗಿದ ಕಡೆಯೇ ಆದ್ದರಿಂದ ಹೊರಗೊಂದು ತೆಳು ಲೋಹದ ಪಟ್ಟಿಯನ್ನು ಆಸರೆಯಾಗಿ ಕೊಡುತ್ತಾರೆ. ನೇರ ಎಳೆಯ ಬೀಟೆ ಸುಲಭಕ್ಕೆ ಮಣಿಯುತ್ತದೆ. ಚಿತ್ತಾರದ ಎಳೆ ಕಣ್ಣಿಗೆ ಚೆಂದ, ಕೊಳವೆಯ ಮೇಲೆ ಲಟಕ್ಕೆನ್ನುವುದೂ ಅದೇ. ಕೋಣೆಯ ತುಂಬ ಸಿಹಿ ಪರಿಮಳ ಹರಡುತ್ತದೆ. ರೋಸ್‌ವುಡ್ ಹೆಸರಿನ ಗುಲಾಬಿ ಇರುವುದು ಹೂವಿನಲ್ಲಲ್ಲ, ಈ ವಾಸನೆಯಲ್ಲಿ. ಬಾಗಿದ ಹಲಗೆಯನ್ನು ಆರುವ ತನಕ ಅಚ್ಚಿನಲ್ಲಿ ಬಿಗಿದಿಡದಿದ್ದರೆ ಅದು ಮೆಲ್ಲಗೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ತಮಾಷೆಯೆಂದರೆ, ಗಿಟಾರ್ ಆಗಿ ತವರಿಗೆ ಮರಳಿದ ಬೀಟೆಗೆ ತವರಿನ ಹವೆಯೇ ಆಗಿಬರುವುದಿಲ್ಲ. ಗಿಟಾರ್ ಜೋಡಿಸುವ ಕೋಣೆಗಳಲ್ಲಿ ತೇವಾಂಶ ಶೇ 45ರ ಆಸುಪಾಸಿನಲ್ಲಿರುತ್ತದೆ. ಜುಲೈನ ಸಕಲೇಶಪುರದಲ್ಲಿ ಒಗೆದ ಬಟ್ಟೆಯೇ ಒಣಗದು. ಹಲಗೆ ನೀರು ಹೀರಿ ಉಬ್ಬುತ್ತದೆ. ಕಾಫಿ ಕೊಯ್ಲು ಮುಗಿದು ಒಣಗಾಳಿ ಬೀಸಿದಾಗ ಅದೇ ಹಲಗೆ ಕುಗ್ಗುತ್ತದೆ. ಮರ ಹಿಗ್ಗಿ ಕುಗ್ಗುವುದು ಎಳೆಗೆ ಅಡ್ಡಲಾಗಿ, ಉದ್ದಕ್ಕೆ ತೀರಾ ಕಡಿಮೆ. ಹಾಗಾಗಿ ಪಕ್ಕದ ಬಿರುಕು ಎಳೆಯ ಜಾಡು ಹಿಡಿದೇ ಓಡುತ್ತದೆ. ಗೋಡೆಗೆ ಒರಗಿಸಿಟ್ಟ ಗಿಟಾರ್ ಜಾರಿಬಿದ್ದರೆ ಮುಗಿದೇ ಹೋಯಿತು.

ರಿಪೇರಿಯ ಮೊದಲ ಹೆಜ್ಜೆ ಅಂಟಲ್ಲ, ಕಾಯುವುದು. ಒಣಗಿ ಬಾಯ್ಬಿಟ್ಟ ಸೀಳಿಗೆ ಹಾಗೇ ಅಂಟು ತುಂಬಿದರೆ ಮಳೆಗಾಲದಲ್ಲಿ ಅಂಚುಗಳು ಒಂದನ್ನೊಂದು ತಳ್ಳುತ್ತವೆ. ಗಿಟಾರನ್ನು ಕೆಲವು ದಿನ ಹದವಾದ ತೇವದಲ್ಲಿಟ್ಟರೆ ಎಷ್ಟೋ ಬಿರುಕುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಬಿಸಿ ಸರೇಸು ಅಥವಾ ಮರದ ಅಂಟು. ಬಳಿಕ ಒಳಗಿನಿಂದ ಸೀಳಿನ ಉದ್ದಕ್ಕೂ ಪುಟ್ಟ ಮರದ ತುಂಡುಗಳನ್ನು, ಅವುಗಳ ಎಳೆ ಸೀಳಿಗೆ ಅಡ್ಡ ಬರುವಂತೆ ಕೂರಿಸಬೇಕು. ಒಳಗೆ ಹೋಗಲು ಇರುವುದು 10 ಸೆಂಟಿಮೀಟರ್ ಅಗಲದ ನಾದರಂಧ್ರವೊಂದೇ. ಕೈ ತೂರಿದರೆ ಕಣ್ಣಿಗೆ ಜಾಗವಿಲ್ಲ. ಕನ್ನಡಿ ಹಿಡಿದೇ ನೋಡಬೇಕು. ಕ್ಲಾಂಪ್ ತಲುಪದ ಕಡೆ ಒಳಗೊಂದು, ಹೊರಗೊಂದು ಬಲವಾದ ಅಯಸ್ಕಾಂತ ಇಟ್ಟು ತುಂಡನ್ನು ಒತ್ತಿಹಿಡಿಸುತ್ತಾರೆ.

ಪಕ್ಕ ಒಡೆದು ತೂತೇ ಬಿದ್ದಿದ್ದರೆ ತೇಪೆ ಹಾಕಬೇಕು. ಅದಕ್ಕೆ ಬಣ್ಣ, ಎಳೆ ಎರಡೂ ಹೊಂದುವ ಬೀಟೆ ಹುಡುಕಬೇಕು. ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಮುರಿದು ಬಿದ್ದಿರುವ ಬೀಟೆ ಮಂಚ, ಕಪಾಟಿನ ಹಲಗೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ದಶಕಗಟ್ಟಲೆ ಒಣಗಿವೆ, ಹೊಸದಾಗಿ ಮರ ಕಡಿಯುವ ಪ್ರಶ್ನೆಯೂ ಇಲ್ಲ. ಚೂರನ್ನು ಎರಡು ಮಿಲಿಮೀಟರಿಗೆ ಕೀಸಿ, ಒದ್ದೆ ಮಾಡಿ, ಮತ್ತೆ ಕೊಳವೆಗೆ ಒರಗಿಸಿದರೆ ಮಂಚದ ಹಲಗೆಯಿಂದಲೂ ಅದೇ ಸಿಹಿ ವಾಸನೆ ಏಳುತ್ತದೆ.