ಚಕ್ರದ ಮೇಲೆ ಬಿಡಾರ, ಹೊಸ್ತಿಲಲ್ಲಿ ನಾಯಿ

ಕೆಲವು ಊರುಗಳು ತಾವು ಇದ್ದಲ್ಲೇ ಇದ್ದುಕೊಂಡು ತಮ್ಮ ಹೆಸರನ್ನು ಮಾತ್ರ ದೇಶ ಸುತ್ತಲು ಕಳುಹಿಸುತ್ತವೆ. ಕುಂದಾಪುರ ಸೀಮೆಯ ಗುಲ್ವಾಡಿ ಅಂಥದೊಂದು ಊರು. ೧೮೯೯ರಲ್ಲಿ ‘ಇಂದಿರಾಬಾಯಿ’ಯನ್ನು ಬರೆದು ಕನ್ನಡದ ಸಾಮಾಜಿಕ ಕಾದಂಬರಿಗೆ ನಾಂದಿ ಹಾಡಿದ ವೆಂಕಟರಾಯರ ಹೆಸರಿನ ಮುಂದೆ ಗುಲ್ವಾಡಿ ನಿಂತಿತು, ‘ತರಂಗ’ ವಾರಪತ್ರಿಕೆಯ ಸಂಪಾದಕರಾಗಿದ್ದ ಸಂತೋಷಕುಮಾರರ ಹೆಸರಿನ ಹಿಂದೆಯೂ ನಿಂತಿತು. ಓದುವ ಕನ್ನಡಿಗರೆಲ್ಲ ಹೆಸರು ಬಲ್ಲರು. ಊರನ್ನು ನೋಡಿದವರು ಕಡಮೆ.

ಹೆಸರು ಸುತ್ತಿದಂತೆ ಮನೆಯೂ ಸುತ್ತುವಂತಿದ್ದರೆ! ಕರಾವಳಿಯ ಎಷ್ಟೋ ಅಂಗಳಗಳಲ್ಲಿ ಈಗ ಮೋಟಾರು ನಿಂತಿರುತ್ತದೆ. ಅದರ ನೆರಳಿನಲ್ಲಿ ನಾಯಿ ಮಲಗಿರುತ್ತದೆ. ಮೋಟಾರಿನ ಹಿಂದೆ ಚಕ್ರದ ಮೇಲಿನ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು, ನಾಯಿಯನ್ನೂ ಹತ್ತಿಸಿಕೊಂಡು, ಗುಲ್ವಾಡಿಯಿಂದ ಕಾಶ್ಮೀರದವರೆಗೆ ಹೋಗಿಬರಬಾರದೇಕೆ? ಇಂಗ್ಲಿಷರು ಇದನ್ನು ‘ಕ್ಯಾರವಾನ್’ ಎನ್ನುತ್ತಾರೆ. ನಮ್ಮಲ್ಲಿ ಬಿಡಾರವೆಂಬ ಸೊಗಸಾದ ಮಾತಿರುವಾಗ ಬಿಡಾರಗಾಡಿ ಎಂದರೆ ಸಾಕು. ಮಾರಣಕಟ್ಟೆ, ಮಂದಾರ್ತಿ ಮೇಳಗಳ ಯಕ್ಷಗಾನ ಕಲಾವಿದರು ಇಂದು ಒಂದು ಊರು, ನಾಳೆ ಇನ್ನೊಂದು ಊರು ಎಂದು ಬೇಸಗೆ ಮುಗಿಯುವವರೆಗೂ ‘ತಿರುಗಾಟ’ ಮಾಡುವುದನ್ನು ಕಂಡಿರುವ ಈ ಸೀಮೆಯವರಿಗೆ ಬಿಡಾರ ಹೊತ್ತು ನಡೆಯುವುದು ಹೊಸದೇನೂ ಅಲ್ಲ. ವೇಷಭೂಷಣಗಳ ಪೆಟ್ಟಿಗೆ ಒಂದು ಕಾಲದಲ್ಲಿ ಆಳಿನ ತಲೆಯ ಮೇಲೆ ಹೋಗುತ್ತಿತ್ತು. ಈಗ ವ್ಯಾನಿನಲ್ಲಿ ಹೋಗುತ್ತದೆ. ಹೊಸದೆಂದರೆ ನಾಯಿ. ಈ ಲೇಖನ ಮುಖ್ಯವಾಗಿ ಅದನ್ನು ಕುರಿತದ್ದು.

ವಿನೋದಕ್ಕೆಂದೇ ಬಿಡಾರಗಾಡಿಯನ್ನು ಕಟ್ಟಿಸಿಕೊಂಡವರಲ್ಲಿ ಮೊದಲಿಗರೆಂದು ಪ್ರಸಿದ್ಧರಾದವರು ಸ್ಕಾಟ್ಲೆಂಡಿನವರಾದ ಡಾಕ್ಟರ್ ಗಾರ್ಡನ್ ಸ್ಟೇಬಲ್ಸ್. ನೌಕಾಪಡೆಯಲ್ಲಿ ವೈದ್ಯರಾಗಿದ್ದು, ನಿವೃತ್ತರಾದ ಮೇಲೆ ಹುಡುಗರಿಗಾಗಿ ಸಾಹಸದ ಕಥೆಗಳನ್ನು ಬರೆದವರು. ಬ್ರಿಸ್ಟಲಿನ ಗಾಡಿ ಕಾರ್ಖಾನೆಯೊಂದರಲ್ಲಿ ತಮಗೆ ಬೇಕಾದಂತೆ ಗಾಡಿಯೊಂದನ್ನು ಮಾಡಿಸಿ, ಅದಕ್ಕೆ ‘ವಾಂಡರರ್’, ಅಂದರೆ ಅಲೆಮಾರಿ, ಎಂದು ಹೆಸರಿಟ್ಟು, ೧೮೮೫ರ ಬೇಸಗೆಯಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿಗೆ ಹೊರಟರು. ಗಾಡಿಯನ್ನು ಎಳೆಯಲು ಎರಡು ಕುದುರೆಗಳು. ಜೊತೆಗೆ ಸಾರಥಿ, ಒಬ್ಬ ಪರಿಚಾರಕ, ಒಂದು ಕಾಕಟೂ ಗಿಳಿ, ಹಾಗೂ ‘ಹರಿಕೇನ್ ಬಾಬ್’ ಎಂಬ ಹೆಸರಿನ ಭಾರೀ ನ್ಯೂಫೌಂಡ್‌ಲೆಂಡ್ ನಾಯಿ. ಪರಿಚಾರಕನ ಕೆಲಸ ವಿಚಿತ್ರವಾದುದು. ಮೂರು ಚಕ್ರದ ಸೈಕಲ್ಲಿನ ಮೇಲೆ ಮುಂದೆ ಮುಂದೆ ಹೋಗಿ, ಹಿಂದೆ ಇಂಥದೊಂದು ಮನೆ ಬರುತ್ತಿದೆ ಎಂದು ಎದುರಿನವರಿಗೆ ಮುನ್ಸೂಚನೆ ಕೊಡುವುದು! ನಮ್ಮ ಗದ್ದೆಯಂಚಿನ ಓಣಿಗಳಲ್ಲಿ ಇಂದಿಗೂ ಅಂಥವನೊಬ್ಬ ಬೇಕಾದೀತು. ಸುಮಾರು ೧,೩೦೦ ಮೈಲಿಯ ಆ ಪ್ರವಾಸದ ಪುಸ್ತಕ ೧೮೮೬ರಲ್ಲಿ ಹೊರಬಂತು. ೧೯೦೭ರಲ್ಲಿ ಬ್ರಿಟನ್ನಿನಲ್ಲಿ ಬಿಡಾರಗಾಡಿಯವರ ಸಂಘವೇ ಹುಟ್ಟಿತು.

ಸ್ಟೇಬಲ್ಸರ ಪ್ರವಾಸದಲ್ಲಿ ನಾವು ಗಮನಿಸಬೇಕಾದುದು ವೇಗ. ಕುದುರೆ ನಡೆದಷ್ಟೇ ಗಾಡಿ ನಡೆಯುತ್ತಿತ್ತು. ಕುದುರೆ ದಣಿದಲ್ಲಿ ಎಲ್ಲರೂ ನಿಲ್ಲಬೇಕಾಗಿತ್ತು. ನಾಯಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನಿದ್ದೀತು? ಮೋಟಾರು ಬಂದಮೇಲೆ ಕೆಟ್ಟದ್ದು ಇದೇ. ಯಂತ್ರಕ್ಕೆ ದಣಿವಿಲ್ಲ, ಆದುದರಿಂದ ಒಳಗಿನ ಪ್ರಾಣಿಗೂ ದಣಿವಿಲ್ಲವೆಂದು ಯಜಮಾನ ಭಾವಿಸುತ್ತಾನೆ.

ಗಾಡಿ ಕಟ್ಟುವ ವಿದ್ಯೆಯನ್ನು ಕುರಿತು ಎರಡು ಮಾತು. ಇದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎತ್ತಿನ ಗಾಡಿಯಲ್ಲಿ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಮೋಟಾರಿನ ಹಿಂದೆ ಕಟ್ಟುವ ಬಿಡಾರಕ್ಕೂ ಇದೇ ನ್ಯಾಯ. ಬಿಡಾರದ ಒಟ್ಟು ತೂಕದಲ್ಲಿ ಸುಮಾರು ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕೆಂದು ತಿಳಿದವರು ಹೇಳುತ್ತಾರೆ. ಅಕ್ಕಿಮುಡಿಯನ್ನೂ ನೀರಿನ ಡ್ರಮ್ಮನ್ನೂ ಅಚ್ಚಿನ ಹಿಂದಕ್ಕೆ ತುರುಕಿದಿರೋ, ವೇಗವೇರಿದೊಡನೆ ಬಿಡಾರ ಬಾಲ ಅಲ್ಲಾಡಿಸತೊಡಗುತ್ತದೆ. ನಾಯಿಯ ಬಾಲದಂತೆ ಅದು ಸಂತೋಷದ ಚಿಹ್ನೆಯಲ್ಲ. ಆಗ ಮೋಟಾರಿನ ಬ್ರೇಕನ್ನು ಒಮ್ಮೆಲೇ ಒತ್ತಬಾರದು. ವೇಗವನ್ನು ಮೆಲ್ಲನೆ ಇಳಿಸಬೇಕು. ಹಿಂದಕ್ಕೆ ನಡೆಸುವಾಗ ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದರೆ ಬಿಡಾರದ ಹಿಂಬದಿ ಬಲಕ್ಕೆ ಹೋಗುತ್ತದೆ. ಬಯಲಿನಲ್ಲಿ ನಾಲ್ಕು ದಿನ ಅಭ್ಯಾಸ ಮಾಡದೆ ಪೇಟೆಗೆ ಹೋಗುವುದು ಉಚಿತವಲ್ಲ.

ಗುಲ್ವಾಡಿಯಿಂದ ಹೊರಟವರಿಗೆ ಮೊದಲ ಪರೀಕ್ಷೆ ಘಾಟಿ. ಪೂರ್ವಕ್ಕೆ ಬಾಳೆಬರೆ, ಕೊಲ್ಲೂರು ದಾರಿಗಳಿವೆ. ದಕ್ಷಿಣಕ್ಕೆ ಸರಿದರೆ ಹದಿನಾಲ್ಕು ಸುತ್ತಿನ ಆಗುಂಬೆ. ಒಂಟಿ ಮೋಟಾರಿಗೆ ಅವು ಸುಂದರ. ಬಾಲ ಕಟ್ಟಿಕೊಂಡವರಿಗೆ ಅಷ್ಟು ಸುಂದರವಲ್ಲ. ಬಿಗಿಯಾದ ತಿರುವಿನಲ್ಲಿ ಮೋಟಾರು ಬಳಸಿ ಹೋದರೂ ಹಿಂದಿನ ಗಾಡಿ ಒಳಮಗ್ಗುಲಿಗೆ ಕತ್ತರಿಸಿ ಬರುತ್ತದೆ. ನನ್ನನ್ನು ಕೇಳಿದರೆ ಸುತ್ತು ದಾರಿಯೇ ಲೇಸು: ಕುಂದಾಪುರದಿಂದ ೬೬ನೆಯ ರಾಷ್ಟ್ರೀಯ ಹೆದ್ದಾರಿ ಹಿಡಿದು ಬೈಂದೂರು, ಭಟ್ಕಳ, ಹೊನ್ನಾವರಗಳ ಮೇಲೆ ಅಂಕೋಲೆ, ಅಲ್ಲಿಂದ ಲಾರಿಗಳು ಓಡಾಡುವ ಅರಬೈಲು ಘಾಟಿಯನ್ನೇರಿ ಯಲ್ಲಾಪುರ, ಹುಬ್ಬಳ್ಳಿ. ಮುಂದೆ ಗದಗ, ಹೊಸಪೇಟೆ, ಬಳ್ಳಾರಿಗಳನ್ನು ದಾಟಿ ಗುತ್ತಿಯಲ್ಲಿ ೪೪ನೆಯ ಹೆದ್ದಾರಿಯನ್ನು ಸೇರಬಹುದು. ಕನ್ಯಾಕುಮಾರಿಯಿಂದ ಶ್ರೀನಗರದವರೆಗೆ ೩,೭೦೦ ಕಿಲೋಮೀಟರಿಗೂ ಮಿಕ್ಕಿ ಹರಿದಿರುವ ದಾರಿ ಅದು. ಮಳೆಗಾಲದಲ್ಲಂತೂ ಈ ಯೋಚನೆಯೇ ಬೇಡ. ದೀಪಾವಳಿ ಕಳೆದ ಮೇಲೆ ದಕ್ಷಿಣದ ದಾರಿಗಳು ಹಿತ. ಆದರೆ ಆ ಹೊತ್ತಿಗೆ ಕಾಶ್ಮೀರದಲ್ಲಿ ಚಳಿ ಕಾಲಿಟ್ಟಿರುತ್ತದೆ. ಎರಡನ್ನೂ ಹೊಂದಿಸುವುದು ಸುಲಭವಲ್ಲ.

ರೈಲಿನಲ್ಲಿ ಹೋಗಬಾರದೆ ಎಂದು ಕೇಳುವವರಿದ್ದಾರೆ. ಹೋಗಬಹುದು. ನಮ್ಮ ರೈಲುಗಳಲ್ಲಿ ಮೊದಲ ದರ್ಜೆಯ ಒಂದು ಕೋಣೆಯನ್ನು ಪೂರ್ತಿಯಾಗಿ ಗೊತ್ತುಮಾಡಿಕೊಂಡವರು ನಾಯಿಯನ್ನು ತಮ್ಮೊಡನೆ ಇರಿಸಿಕೊಳ್ಳಬಹುದು. ಅದಾಗದವರ ನಾಯಿಗೆ ಗಾರ್ಡಿನ ಡಬ್ಬಿಯಲ್ಲಿರುವ ಪೆಟ್ಟಿಗೆಯೇ ಗತಿ. ಒಂದು ರಾತ್ರಿಯ ಪಯಣವನ್ನು ಆ ಪೆಟ್ಟಿಗೆಯ ಕತ್ತಲಿನಲ್ಲಿ, ಕಬ್ಬಿಣದ ಗದ್ದಲದಲ್ಲಿ ಕಳೆಯುವ ಪ್ರಾಣಿಯ ಅವಸ್ಥೆಯನ್ನು ನೆನೆದವರು ರಸ್ತೆಯನ್ನು ಬಯಸಿದರೆ ತಪ್ಪೆನ್ನಲಾಗದು.

ರಸ್ತೆಯಲ್ಲಿ ನಾಯಿ ಎಲ್ಲಿರಬೇಕು? ಓಡುವ ಬಿಡಾರದೊಳಗೆ ಖಂಡಿತ ಅಲ್ಲ. ಹಿಂದೆ ಏನಾಗುತ್ತಿದೆಯೆಂದು ಚಾಲಕನಿಗೆ ತಿಳಿಯದು. ಪಾತ್ರೆ ಬಿದ್ದೀತು, ಹೊಗೆ ತುಂಬೀತು, ಗಾಡಿ ಮಗುಚೀತು. ನಾಯಿ ಮೋಟಾರಿನಲ್ಲೇ ಇರಬೇಕು, ಎದೆಪಟ್ಟಿ ಕಟ್ಟಿಸಿಕೊಂಡು ಹಿಂದಿನ ಆಸನದಲ್ಲಿ. ಹೊರಡುವ ಮುನ್ನ ಹೊಟ್ಟೆ ತುಂಬ ಉಣಿಸಬಾರದು. ಎರಡು ಗಂಟೆಗೊಮ್ಮೆ ನೀರು ಕೊಟ್ಟು ನಾಲ್ಕು ಹೆಜ್ಜೆ ನಡೆಸಬೇಕು. ಮನೆಯಲ್ಲಿ ಅದು ಮಲಗುತ್ತಿದ್ದ ಹಳೆಯ ಗೋಣಿಯನ್ನೇ ಜೊತೆಗೆ ಒಯ್ಯಬೇಕು; ಹೊಸ ಹಾಸಿಗೆಯ ಸೊಗಸು ನಮಗೆ, ಹಳೆಯ ವಾಸನೆಯ ನೆಮ್ಮದಿ ಅದಕ್ಕೆ.

ಎಲ್ಲಕ್ಕಿಂತ ಮಿಗಿಲಾದ ಅಪಾಯ ಸೆಕೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಅಷ್ಟಿಷ್ಟು ಬೆವರುವುದುಂಟು. ಉಳಿದಂತೆ ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ತೇವವನ್ನು ಆರಿಸಿ, ಮೈಯನ್ನು ತಂಪು ಮಾಡಿಕೊಳ್ಳುತ್ತದೆ. ಗಾಳಿಯಲ್ಲೇ ನೀರು ತುಂಬಿರುವ ನಮ್ಮ ಕರಾವಳಿಯಲ್ಲಿ ಈ ಉಪಾಯ ಅರ್ಧಕ್ಕರ್ಧ ವ್ಯರ್ಥ. ನಾಯಿಯ ಮೈಬಿಸಿ ಸಹಜವಾಗಿ ೩೮ರಿಂದ ೩೯ ಡಿಗ್ರಿ. ೪೧ ದಾಟಿತೆಂದರೆ ಪ್ರಾಣಾಪಾಯ. ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಂತ ಮೋಟಾರಿನ ಒಳಗಿನ ಬಿಸಿ ಹತ್ತೇ ನಿಮಿಷಗಳಲ್ಲಿ ಹತ್ತು ಡಿಗ್ರಿಯಷ್ಟು ಏರುತ್ತದೆ. ಹೊರಗೆ ೩೩ ಇದ್ದರೆ ಒಳಗೆ ೪೩. ಕಿಟಕಿಯನ್ನು ಎರಡು ಬೆರಳು ಇಳಿಸಿಟ್ಟರೆ ಪ್ರಯೋಜನ ಅತ್ಯಲ್ಪ. “ಒಂದು ಕಾಫಿ ಕುಡಿದು ಬರುತ್ತೇವೆ, ಇಲ್ಲೇ ಇರು” ಎಂದು ಹೋಗುವ ಕುಟುಂಬಕ್ಕೆ ಬಿಲ್ಲು ಬರುವುದರೊಳಗೆ ಅನಾಹುತ ನಡೆದಿರುತ್ತದೆ. ಆದುದರಿಂದ ನಿಯಮ ಸರಳ: ಎಲ್ಲರೂ ಒಟ್ಟಿಗೆ ಇಳಿಯುವಂತಿಲ್ಲ. ದೇವಸ್ಥಾನಕ್ಕಾಗಲಿ ಹೋಟೆಲಿಗಾಗಲಿ ಸರದಿಯ ಮೇಲೆ ಹೋಗಬೇಕು. ಇದಕ್ಕೆ ಒಪ್ಪದ ಮನೆಯವರು ನಾಯಿಯನ್ನು ಹತ್ತಿಸಿಕೊಳ್ಳಲೇಬಾರದು.

ಬಿಡಾರ ಹೂಡುವ ಜಾಗದ ವಿಚಾರ ಇನ್ನೊಂದು. ವಿದೇಶದ ಪುಸ್ತಕಗಳು ಹೇಳದ ತೊಂದರೆಯೊಂದು ನಮ್ಮಲ್ಲಿದೆ: ಬೀದಿನಾಯಿ. ನಮ್ಮ ಒಂದೊಂದು ಚಹದಂಗಡಿಯೂ ಒಂದೊಂದು ನಾಯಿಪಡೆಯ ರಾಜಧಾನಿ. ಪರಸ್ಥಳದ ನಾಯಿ ಇಳಿದೊಡನೆ ಯುದ್ಧ ಘೋಷಣೆಯಾಗುತ್ತದೆ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಅದರ ಕಾಗದವನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ಕಾಡಂಚಿನಲ್ಲಿ ರಾತ್ರಿ ತಂಗುವವರು ನಾಯಿಯನ್ನು ಹೊರಗೆ ಕಟ್ಟಿದರೆ ಚಿರತೆಗೆ ಎಲೆ ಹಾಕಿದಂತೆ. ಅಂಗಳದ ನಾಯಿ ಬೆಳಗಾಗುವಾಗ ಮಾಯವಾದ ಕಥೆಯನ್ನು ಘಟ್ಟದ ಬುಡದಲ್ಲಿರುವವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಮೂಕಾಂಬಿಕಾ, ಸೋಮೇಶ್ವರ ಅಭಯಾರಣ್ಯಗಳ ನಡುವೆ ದಾರಿ ಹಾದುಹೋಗುತ್ತದೆಂದು ಅಲ್ಲಿ ಬಿಡಾರ ಹೂಡುವ ಹಕ್ಕು ನಮಗೆ ಬರುವುದಿಲ್ಲ. ಉಣುಗಿನ ಕಾಟವಂತೂ ಅಲಕ್ಷಿಸುವಂಥದಲ್ಲ. ೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಉಣುಗಿನ ಕಡಿತದಿಂದ. ಕಾಡಿನ ತರಗೆಲೆಯಲ್ಲಿ ಹೊರಳಿ ಬಂದ ನಾಯಿ ಮೈಮೇಲೆ ಉಣುಗನ್ನು ಹೊತ್ತು ತಂದು ಮಕ್ಕಳ ಹಾಸಿಗೆಯ ಪಕ್ಕದಲ್ಲಿ ಮಲಗುತ್ತದೆ. ಸಂಜೆ ಅದರ ಕಿವಿ, ಕಂಕುಳು, ಬೆರಳಸಂದಿಗಳನ್ನು ಹುಡುಕಿ ನೋಡದೆ ಒಳಕ್ಕೆ ಸೇರಿಸಬಾರದು.

ಇಷ್ಟಾದರೂ ನಾಯಿಯನ್ನು ಒಯ್ಯುವುದೇಕೆ? ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಇದಕ್ಕೆ ಕೊಟ್ಟ ಉತ್ತರ ಮನೋಹರವಾಗಿದೆ. ೧೯೬೦ರ ಸೆಪ್ಟೆಂಬರಿನಲ್ಲಿ, ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ತಾವು ಬರೆಯುತ್ತಿದ್ದ ದೇಶವನ್ನು ತಾವೇ ಮರೆತಿರುವೆವೆಂದು ತೋರಿ, ಅವರು ಚಾರ್ಲಿ ಎಂಬ ಮುದಿ ಪೂಡಲ್ ನಾಯಿಯೊಡನೆ ಹೊರಟರು. ಅವರದು ಎಳೆಯುವ ಬಿಡಾರವಲ್ಲ, ಟ್ರಕ್ಕಿನ ಬೆನ್ನಿನ ಮೇಲೆ ಕೂರಿಸಿದ ಬಿಡಾರ. ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ನೆನಪಿಗಾಗಿ ಅದಕ್ಕೆ ‘ರೋಸಿನಾಂತೆ’ ಎಂದು ಹೆಸರು. ಸುಮಾರು ಹತ್ತು ಸಾವಿರ ಮೈಲಿಯ ಆ ಸುತ್ತಾಟದಲ್ಲಿ ಚಾರ್ಲಿ ಅವರ ರಾಯಭಾರಿ. ಅಪರಿಚಿತರ ಬಿಡಾರದ ಬಳಿಗೆ ನಾಯಿ ಮೊದಲು ಹೋಗುತ್ತದೆ, ಅದನ್ನು ಕರೆತರುವ ನೆವದಲ್ಲಿ ಯಜಮಾನ ಹೋಗುತ್ತಾನೆ, ಮಾತು ಬೆಳೆಯುತ್ತದೆ. ೧೯೬೨ರಲ್ಲಿ ಪುಸ್ತಕ ಹೊರಬಂತು. ಅದೇ ವರ್ಷ ಅವರಿಗೆ ನೊಬೆಲ್ ಪಾರಿತೋಷಕವೂ ಸಂದಿತು. ಅವರು ಬರೆದುಕೊಂಡಷ್ಟು ರಾತ್ರಿಗಳನ್ನು ಬಿಡಾರದಲ್ಲಿ ಕಳೆಯಲಿಲ್ಲ, ಹೋಟೆಲುಗಳಲ್ಲಿ ಮಲಗಿದ್ದೇ ಹೆಚ್ಚು ಎಂದು ಈಚಿನ ಸಂಶೋಧಕರು ಆಕ್ಷೇಪಿಸಿದ್ದಾರೆ. ಇರಬಹುದು. ಪ್ರವಾಸಕಥನ ಬರೆಯುವವರಿಗೆ ಅಷ್ಟು ಸಲುಗೆ ಕೊಡದಿದ್ದರೆ ನಾವು ಓದುವುದಾದರೂ ಏನನ್ನು?

ಆ ಪುಸ್ತಕದಲ್ಲಿ ನನಗೆ ಮುಖ್ಯವೆನಿಸಿದ್ದು ರಾಯಭಾರಿತನವಲ್ಲ, ಚಾರ್ಲಿಯ ಕಾಯಿಲೆ. ದಾರಿಯಲ್ಲಿ ಅದಕ್ಕೆ ಮೂತ್ರ ಕಟ್ಟಿತು. ಮೊದಲು ಸಿಕ್ಕ ವೈದ್ಯನ ಅನಾದರ, ಬಹಳ ದೂರ ಸಾಗಿದ ಮೇಲೆ ಸಿಕ್ಕ ಇನ್ನೊಬ್ಬನ ನಿಪುಣತೆ ಎರಡನ್ನೂ ಸ್ಟೈನ್‌ಬೆಕ್ ಬಚ್ಚಿಡದೆ ಬರೆದಿದ್ದಾರೆ. ಯೆಲ್ಲೊಸ್ಟೋನ್ ವನದಲ್ಲಿ ಕರಡಿಗಳನ್ನು ಕಂಡು ಆ ಸಾಧು ಪ್ರಾಣಿ ಹುಚ್ಚೆದ್ದು ಬೊಗಳಿದಾಗ, ಜಗತ್ಪ್ರಸಿದ್ಧವಾದ ಆ ವನವನ್ನು ನೋಡುವುದನ್ನೇ ಬಿಟ್ಟು ಅವರು ಹಿಂದಿರುಗಿದರು. ಜೊತೆಗಾರನೆಂದರೆ ಹೀಗೆ: ಅವನಿಗಾಗದ್ದು ನಮಗೂ ಆಗದು.

ನಮ್ಮವರಿಗೆ ಇದು ತೀರ ಪರಿಚಿತವಾದ ಕಥೆ. ಮಹಾಪ್ರಸ್ಥಾನದಲ್ಲಿ ಹೆಂಡತಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನೊಡನೆ ಹಿಮಾಲಯದಲ್ಲಿ ಉಳಿದದ್ದು ನಾಯಿಯೊಂದೇ. ಅದನ್ನು ಬಿಟ್ಟು ರಥವೇರೆಂದ ಇಂದ್ರನ ಮಾತಿಗೆ ಅವನು ಒಪ್ಪಲಿಲ್ಲ. ೨೦೨೨ರ ಜೂನಿನಲ್ಲಿ ತೆರೆಕಂಡ ‘೭೭೭ ಚಾರ್ಲಿ’ ಚಿತ್ರದ ನಾಯಕನ ಹೆಸರೂ ಧರ್ಮ. ಕಿರಣರಾಜರ ನಿರ್ದೇಶನದಲ್ಲಿ ಉಡುಪಿಯವರಾದ ರಕ್ಷಿತ್ ಶೆಟ್ಟಿ ಆ ಪಾತ್ರ ವಹಿಸಿದರು. ಮೈಸೂರಿನ ಒಂಟಿಗನೊಬ್ಬ ರೋಗಪೀಡಿತ ಲ್ಯಾಬ್ರಡಾರ್ ನಾಯಿಯನ್ನು ಮೋಟಾರು ಸೈಕಲ್ಲಿನ ಪಕ್ಕದ ತೊಟ್ಟಿಲಿನಲ್ಲಿ ಕೂರಿಸಿಕೊಂಡು ಹಿಮ ತೋರಿಸಲು ಉತ್ತರಕ್ಕೆ ಒಯ್ಯುತ್ತಾನೆ. ೨೦೨೧ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಕಣ್ಣೀರು ತರುವ ಚಿತ್ರ. ಆದರೆ ಅದನ್ನು ನೋಡಿ ಬಂದವರು ತಮ್ಮ ಮುದಿ ನಾಯಿಯನ್ನು ಹಿಮಾಲಯಕ್ಕೆ ಒಯ್ಯಲು ಹೊರಟರೆ ನಾನು ಬೇಡವೆನ್ನುವೆ. ಹಿಮವನ್ನು ನೋಡಬೇಕೆಂದು ನಾಯಿ ಎಂದೂ ಕೇಳಿಲ್ಲ. ಅದು ಕೇಳುವುದು ಜೊತೆಯನ್ನು. ಹತ್ತು ವರ್ಷ ದಾಟಿದ, ಕೀಲು ಹಿಡಿದ, ಉಬ್ಬಸದ ನಾಯಿಗೆ ಪರಿಚಿತ ಕೈ ಹಾಕುವ ಗಂಜಿಯೂ ಹಳೆಯ ಜಗಲಿಯೂ ಸಾಕು. ಅಂಥದನ್ನು ಮನೆಯಲ್ಲೇ ಬಿಟ್ಟು, ಮನೆಮಂದಿಯಲ್ಲಿ ಒಬ್ಬರು ಉಳಿಯಲಿ. ಎಲ್ಲರೂ ಹೊರಟು ಪಕ್ಕದ ಮನೆಯವರ ಮೇಲೆ ಭಾರ ಹಾಕುವುದು ಸರಿಯಲ್ಲ.

ಎಳೆಯ, ಗಟ್ಟಿಮುಟ್ಟಾದ ನಾಯಿಯಿದ್ದರೆ ಕಾಶ್ಮೀರಕ್ಕೆ ಮುಂಚೆ ಮರವಂತೆಯಾಗಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಗುಲ್ವಾಡಿಯವರಿಗೆ ಅದು ದೂರವೇನಲ್ಲ. ಹತ್ತಿರದಲ್ಲಿ ಗುರುತಿನವರ ತೋಟವಿದ್ದರೆ ಕೇಳಿಕೊಂಡು ಒಂದು ರಾತ್ರಿ ಬಿಡಾರವನ್ನು ಅಲ್ಲಿ ಹೂಡಿ. ನಾಯಿ ನೀರು ಕುಡಿಯಿತೇ, ತಟ್ಟೆಯಲ್ಲಿಟ್ಟದ್ದನ್ನು ಮುಗಿಸಿತೇ, ಅಲೆಯ ಸದ್ದಿಗೂ ಲಾರಿಗಳ ಸದ್ದಿಗೂ ಎಷ್ಟು ಸಲ ಎದ್ದು ಕುಳಿತಿತು ಎಂದು ನೋಡಿ. ಬೆಳಗ್ಗೆ ಮೋಟಾರಿನ ಬಾಗಿಲು ತೆಗೆದಾಗ ತಾನಾಗಿ ಹತ್ತಿದರೆ ಅಂಕೋಲೆಯ ದಾರಿ ಹಿಡಿಯಬಹುದು. ಕಾಲೂರಿ ಹಿಂದಕ್ಕೆ ಜಗ್ಗಿದರೆ ಗಾಡಿಯನ್ನು ಮನೆಯ ಕಡೆಗೆ ತಿರುಗಿಸಿ.